ಕೇಳಿಸಿಕೊಳ್ಳಬಲ್ಲ ನಟರನ್ನು ಆರಿಸುವುದು ಹೇಗೆ: ಕಿರುಚಿತ್ರ ಮತ್ತು ಧಾರಾವಾಹಿ ಮಾಡುವವರಿಗೆ

ಕೆಲವು ವರ್ಷಗಳ ಹಿಂದೆ ತೀರ್ಥಹಳ್ಳಿಯ ಕಡೆಯ ಹಳೆಯ ಮನೆಯೊಂದರಲ್ಲಿ ನಾನು 22 ನಿಮಿಷಗಳ ಕಿರುಚಿತ್ರವೊಂದನ್ನು ಚಿತ್ರೀಕರಿಸಿದೆ. ಮನೆಯವರಿಗೆ ತಿಳಿಸದೆ ತೋಟವನ್ನು ಅಡವಿಟ್ಟ ತಂದೆಗೆ, ವಿಷಯ ತನಗೆ ಗೊತ್ತಾಗಿದೆ ಎಂದು ಮಗಳು ಹೇಳುವ ದೃಶ್ಯವೇ ಆ ಕಥೆಯ ಜೀವವಾಗಿತ್ತು. ತಂದೆ ಜಗಲಿಯ ಮೇಲೆ ಕುಳಿತು ಅಡಕತ್ತರಿಯಲ್ಲಿ ಅಡಕೆಯನ್ನು ಹೋಳು ಮಾಡುತ್ತಿರುತ್ತಾರೆ. ಮಗಳು ಕಂಬಕ್ಕೆ ಒರಗಿ ನಿಂತು ಮಾತು ತೆಗೆಯುತ್ತಾಳೆ. ತಂದೆಯ ಪಾತ್ರ ವಹಿಸಿದವರು ನೋಡಲು ಗಂಭೀರರು, ಅವರ ಕಂಠ ಚೆನ್ನಾಗಿತ್ತು, ಒಂದು ಮಾತನ್ನೂ ಅವರು ತಪ್ಪಿಸಲಿಲ್ಲ. ಆದರೆ ಸಂಕಲನಕ್ಕೆ ಕುಳಿತಾಗ ದೃಶ್ಯದಲ್ಲಿ ಜೀವವೇ ಇರಲಿಲ್ಲ. 9 ಟೇಕ್‌ಗಳನ್ನೂ ಒಂದರ ಹಿಂದೆ ಒಂದರಂತೆ ನೋಡಿದ ಮೇಲೆ ಕಾರಣ ಕಣ್ಣಿಗೆ ಬಿತ್ತು. ಮಗಳ ಬಾಯಿಂದ ‘ಅಡವು’ ಎಂಬ ಪದ ಹೊರಡುವುದಕ್ಕೆ ಅರೆಕ್ಷಣ ಮೊದಲೇ, 9 ಸಲವೂ, ಅವರ ಅಡಕತ್ತರಿ ನಿಂತುಬಿಡುತ್ತಿತ್ತು. ಅವರು ಮಗಳ ಮಾತನ್ನು ಕೇಳುತ್ತಿರಲಿಲ್ಲ. ತಮ್ಮ ಸರದಿಗಾಗಿ ಕಾಯುತ್ತಿದ್ದರು.

ಆ ತಪ್ಪು ಅವರದಲ್ಲ, ನನ್ನದು. ಒಂದು ಭಾವಚಿತ್ರವನ್ನೂ, ಅವರು ಒಬ್ಬರೇ ನಿಂತು ಹೇಳಿದ ಎರಡು ನಿಮಿಷಗಳ ಸ್ವಗತವನ್ನೂ ನೋಡಿ ನಾನು ಅವರನ್ನು ಆರಿಸಿದ್ದೆ. ಎದುರಿಗಿರುವವರು ಮಾತಾಡುವಾಗ ಅವರು ಏನು ಮಾಡುತ್ತಾರೆ ಎಂಬುದನ್ನು ಚಿತ್ರೀಕರಣದ ದಿನದವರೆಗೂ ನೋಡಿರಲಿಲ್ಲ. ತೆರೆಯ ಮೇಲೆ ನಾವು ‘ಕಳಪೆ ನಟನೆ’ ಎಂದು ಬೈಯುವುದರಲ್ಲಿ ಬಹುಪಾಲು ಇದೇ ಬಗೆಯದು. ಮಾತಾಡುವುದರಲ್ಲಿ ಸೋಲುವವರಿಗಿಂತ ಕೇಳಿಸಿಕೊಳ್ಳುವುದರಲ್ಲಿ ಸೋಲುವವರೇ ಹೆಚ್ಚು, ಮತ್ತು ಆ ಸೋಲು ಕ್ಯಾಮೆರಾ ಓಡುವುದಕ್ಕೆ ಎಷ್ಟೋ ದಿನ ಮೊದಲು, ಪಾತ್ರಧಾರಿಯ ಆಯ್ಕೆಯಾದ ಕ್ಷಣದಲ್ಲೇ ನಿಶ್ಚಯವಾಗಿರುತ್ತದೆ. ಕಡಿಮೆ ಹಣದಲ್ಲಿ ಕಿರುಚಿತ್ರವನ್ನೋ ವೆಬ್ ಸರಣಿಯನ್ನೋ ಧಾರಾವಾಹಿಯನ್ನೋ ಮಾಡಹೊರಟವರು ಇದನ್ನು ತಪ್ಪಿಸಲು ಏನು ಮಾಡಬಹುದು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮೌನವನ್ನು ಲೆಕ್ಕ ಹಾಕಿ

ಚಿತ್ರಕಥೆ ಕೈಗೆ ಬಂದ ಕೂಡಲೇ ‘ಈ ಪಾತ್ರಕ್ಕೆ ಯಾರು’ ಎಂದು ಹೆಸರುಗಳನ್ನು ಯೋಚಿಸಲು ಹೋಗಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಪಾತ್ರಕ್ಕೂ ಒಂದೊಂದು ಪುಟ ಬಿಡಿ. ಆ ಪಾತ್ರ ಎಷ್ಟು ಮಾತಾಡುತ್ತದೆ ಎಂಬುದನ್ನು ಎಲ್ಲರೂ ಎಣಿಸುತ್ತಾರೆ. ನೀವು ಅದು ಎಷ್ಟು ಹೊತ್ತು ಸುಮ್ಮನಿರುತ್ತದೆ, ಆ ಹೊತ್ತಿನಲ್ಲಿ ಏನನ್ನು ಕೇಳುತ್ತದೆ, ಏನನ್ನು ನೋಡುತ್ತದೆ, ಕೇಳಿದ ಮೇಲೆ ಅದರಲ್ಲಿ ಏನು ಬದಲಾಗುತ್ತದೆ ಎಂಬುದನ್ನು ಬರೆಯಿರಿ. ಹೀಗೆ ಬರೆದಾಗ ಯಾವ ಪಾತ್ರ ನಿಜವಾಗಿಯೂ ಭಾರವಾದದ್ದು ಎಂಬುದು ತಲೆಕೆಳಗಾಗಿ ಕಾಣುವುದುಂಟು. ಐದು ಪುಟ ಮಾತಿರುವ ವಕೀಲನಿಗಿಂತ, ಮೂಲೆಯಲ್ಲಿ ಕುಳಿತು ಅದನ್ನೆಲ್ಲ ಕೇಳುವ ತಾಯಿಯ ಪಾತ್ರಕ್ಕೇ ಉತ್ತಮ ನಟಿ ಬೇಕಾಗಬಹುದು.

1977ರ ‘ಘಟಶ್ರಾದ್ಧ’ವನ್ನು ಈ ಕಣ್ಣಿನಿಂದ ಇನ್ನೊಮ್ಮೆ ನೋಡಿ. ಗಿರೀಶ್ ಕಾಸರವಳ್ಳಿಯವರು ಯಮುನೆ ಎಂಬ ವಿಧವೆಯ ದುರಂತವನ್ನು ನಾಣಿ ಎಂಬ ಪುಟ್ಟ ಹುಡುಗನ ಕಣ್ಣಿನ ಮೂಲಕ ಕಟ್ಟಿದ್ದಾರೆ. ಮೀನಾ ಕುಟ್ಟಪ್ಪ ಅವರ ಯಮುನೆ ನಮ್ಮನ್ನು ಕಲಕುವುದಕ್ಕೆ ಅವರ ಅಭಿನಯ ಎಷ್ಟು ಕಾರಣವೋ, ತನಗೆ ಪೂರ್ತಿ ಅರ್ಥವಾಗದ ಸಂಗತಿಯನ್ನು ನೋಡುತ್ತ ನಿಲ್ಲುವ ಆ ಹುಡುಗನೂ ಅಷ್ಟೇ ಕಾರಣ. ನಾಣಿಯಾಗಿದ್ದ ಅಜಿತ್ ಕುಮಾರ್ ಅವರಿಗೆ ಶ್ರೇಷ್ಠ ಬಾಲನಟ ರಾಷ್ಟ್ರಪ್ರಶಸ್ತಿ ಬಂದಿತು. ಆ ಜಾಗದಲ್ಲಿ ಕ್ಯಾಮೆರಾ ಕಂಡರೆ ಮುದ್ದು ಮಾಡುವ, ಮಾತುಮಾತಿಗೆ ಹುಬ್ಬು ಕುಣಿಸುವ ಮಗುವೊಂದು ಇದ್ದಿದ್ದರೆ, ಉಳಿದವರೆಲ್ಲ ಎಷ್ಟೇ ಚೆನ್ನಾಗಿ ನಟಿಸಿದ್ದರೂ ಚಿತ್ರ ಕುಸಿಯುತ್ತಿತ್ತು.

ಅದೇ ಪುಟದಲ್ಲಿ ಪಾತ್ರದ ಕೈಯ ಬಗ್ಗೆಯೂ ಒಂದು ಸಾಲು ಬರೆಯಿರಿ. ಪಾತ್ರ ಬದುಕಿನಲ್ಲಿ ಮಾಡುವ ಕೆಲಸ ಯಾವುದೋ ಅದನ್ನು ನಟ ಸಂಕೋಚವಿಲ್ಲದೆ ಮಾಡಬಲ್ಲವನಾಗಿರಬೇಕು. ಕೊಡ ಎತ್ತಿ ಸೊಂಟಕ್ಕೆ ಇಟ್ಟುಕೊಳ್ಳಲು ಬಾರದ ಹಳ್ಳಿಯ ಸೊಸೆ, ಕುಡುಗೋಲನ್ನು ಚಾಕುವಿನಂತೆ ಹಿಡಿಯುವ ರೈತ, ಹೊಲಿಗೆ ಯಂತ್ರದ ಪೆಡಲಿನ ಮೇಲೆ ಕಾಲು ಇಡಲು ತಡಕಾಡುವ ಟೈಲರ್, ಇವರು ಬಾಯಿ ತೆರೆಯುವ ಮೊದಲೇ ನೋಡುಗರ ನಂಬಿಕೆ ಅರ್ಧ ಹೋಗಿರುತ್ತದೆ. ಮೇಕಪ್ ಮಾಡಿ ಮುಖಕ್ಕೆ ಬಿಸಿಲಿನ ಬಣ್ಣ ತರಬಹುದು, ಆದರೆ ಕ್ಲೋಸಪ್‌ನಲ್ಲಿ ಅಂಗೈ ಮತ್ತು ಉಗುರು ನಿಜ ಹೇಳಿಬಿಡುತ್ತವೆ. ವಯಸ್ಸಿನ ಮಾತೂ ಹೀಗೆಯೇ. ಮೂವತ್ತರ ನಟಿಗೆ ಕೂದಲು ಬಿಳಿ ಮಾಡಿ ಇಪ್ಪತ್ತೆಂಟರ ನಾಯಕನ ತಾಯಿ ಎನ್ನುವ ಅಭ್ಯಾಸವನ್ನು ಧಾರಾವಾಹಿಗಳ ನೋಡುಗರು ಸಹಿಸಿಕೊಂಡು ಬಂದಿದ್ದಾರೆ ಎಂದ ಮಾತ್ರಕ್ಕೆ ನಾವೂ ಅದನ್ನು ಮುಂದುವರಿಸಬೇಕಾಗಿಲ್ಲ.

ನಾಲಿಗೆಯ ಊರು

ಕನ್ನಡದಲ್ಲಿ ಕೆಲಸ ಮಾಡುವವರು ಇನ್ನೊಂದು ವಿಚಾರದಲ್ಲಿ ವಿಶೇಷವಾಗಿ ಎಚ್ಚರವಾಗಿರಬೇಕು. ಕಥೆ ನಡೆಯುವ ಊರಿನ ಮಾತು ನಟನ ಬಾಯಲ್ಲಿ ಉಂಟೇ ಎಂಬುದು ಆ ವಿಚಾರ. ವಾಕ್ಯದ ಕೊನೆಗೆ ಒಂದು ‘ರೀ’ ಅಂಟಿಸಿದರೆ ಧಾರವಾಡದ ಮಾತಾಗುವುದಿಲ್ಲ, ಒಂದು ‘ಲಾ’ ಸೇರಿಸಿದರೆ ಮಂಡ್ಯದ ಮಾತಾಗುವುದಿಲ್ಲ. ‘ಹೋಗಿದ್ದಾನೆ’ ಎಂಬುದು ಒಂದು ಕಡೆ ‘ಹೋಗ್ಯಾನ’, ಇನ್ನೊಂದು ಕಡೆ ‘ಹೋಗವ್ನೆ’ ಆಗುವಾಗ ಬದಲಾಗುವುದು ಪ್ರತ್ಯಯ ಮಾತ್ರವಲ್ಲ. ಮಾತಿನ ಏರಿಳಿತ, ಉಸಿರು ಬಿಡುವ ಜಾಗ, ಸಿಟ್ಟು ಬಂದಾಗ ಯಾವ ಅಕ್ಷರ ಉದ್ದವಾಗುತ್ತದೆ ಎಂಬುದೂ ಬದಲಾಗುತ್ತದೆ. ಉರು ಹೊಡೆದ ಉಪಭಾಷೆಯಲ್ಲಿ ನಟನ ಗಮನವೆಲ್ಲ ಪದಗಳ ಮೇಲಿರುತ್ತದೆ, ಎದುರಿನವರ ಮಾತನ್ನು ಕೇಳಲು ಅವನಲ್ಲಿ ಗಮನ ಉಳಿದಿರುವುದಿಲ್ಲ.

ಹಾಗಾಗಿ ಎರಡೇ ದಾರಿಗಳಿವೆ. ಆ ಸೀಮೆಯ ನಟರನ್ನೇ ಹುಡುಕಬೇಕು. ಇಲ್ಲವೇ ಪಾತ್ರದ ಊರನ್ನೇ ಬದಲಿಸಬೇಕು. ಎರಡನೆಯದನ್ನು ಮಾಡಲು ಬರಹಗಾರರಿಗೆ ಮನಸ್ಸು ಒಪ್ಪುವುದಿಲ್ಲ ಎಂಬುದು ನನಗೆ ಗೊತ್ತು, ಆದರೆ ಮೈಸೂರಿನ ಒಳ್ಳೆಯ ನಟಿಯೊಬ್ಬರು ಸಿಕ್ಕಿದ್ದರೆ ಸೊಸೆಯನ್ನು ಮೈಸೂರಿನಿಂದ ಮದುವೆಯಾಗಿ ಬಂದವಳನ್ನಾಗಿ ಮಾಡುವುದರಿಂದ ಕಥೆಗೆ ನಷ್ಟವಿಲ್ಲ. ಎಷ್ಟೋ ಸಲ ಅದರಿಂದ ಹೊಸ ಸಂಬಂಧವೊಂದು ಹುಟ್ಟಿಕೊಳ್ಳುತ್ತದೆ.

ಸಂಭಾಷಣೆಯನ್ನು ಬರೆದವರೂ ಇಲ್ಲಿ ಪಾಲುದಾರರು. ‘ನೀನು ನನ್ನ ನಂಬಿಕೆಗೆ ದ್ರೋಹ ಬಗೆದಿರುವೆ’ ಎಂಬಂಥ ಮಾತನ್ನು ಸಹಜವಾಗಿ ಹೇಳಬಲ್ಲ ಬಾಯಿ ಯಾವ ಅಡುಗೆಮನೆಯಲ್ಲೂ ಇಲ್ಲ. ನಟರು ಆಯ್ಕೆಯಾದ ಮೇಲೆ ಪ್ರತಿ ದೃಶ್ಯದ ಅರ್ಥವನ್ನು ಮಾತ್ರ ಹೇಳಿ, ಅದನ್ನು ಅವರ ಮನೆಮಾತಿನಲ್ಲಿ ಆಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅದನ್ನು ಕೇಳಿಕೊಂಡು ಸಂಭಾಷಣೆಯನ್ನು ತಿದ್ದಿ ಬರೆದು, ಆ ಮೇಲೆ ಅದಕ್ಕೆ ಬದ್ಧರಾಗಿರಿ. ಹಾಗೆ ಬದ್ಧರಾಗದೆ, ‘ನಿಮಗೆ ತೋಚಿದಂತೆ ಹೇಳಿ’ ಎಂದು ಸೆಟ್ಟಿನಲ್ಲಿ ಬಿಟ್ಟುಬಿಟ್ಟರೆ ಪ್ರತಿ ಟೇಕಿನಲ್ಲೂ ಬೇರೆ ಮಾತು ಬಂದು ಸಂಕಲನ ಮಾಡುವವರು ಕೈಚೆಲ್ಲಬೇಕಾಗುತ್ತದೆ.

ಆಡಿಷನ್

ಈಗ ಮುಖ್ಯವಾದ ಕೆಲಸಕ್ಕೆ ಬರೋಣ. ವಾಡಿಕೆಯ ಆಡಿಷನ್ ಹೀಗಿರುತ್ತದೆ: ಬಂದವರು ಗೋಡೆಯ ಮುಂದೆ ನಿಲ್ಲುತ್ತಾರೆ, ಹೆಸರು, ಊರು, ಎತ್ತರ ಹೇಳುತ್ತಾರೆ, ಎಡಕ್ಕೂ ಬಲಕ್ಕೂ ತಿರುಗುತ್ತಾರೆ, ತಾವೇ ಬಾಯಿಪಾಠ ಮಾಡಿಕೊಂಡು ಬಂದ ಅಳುವ ಅಥವಾ ಅಬ್ಬರಿಸುವ ತುಣುಕೊಂದನ್ನು ಕ್ಯಾಮೆರಾಕ್ಕೆ ಒಪ್ಪಿಸಿ ಹೋಗುತ್ತಾರೆ. ಇದರಿಂದ ಅವರಿಗೆ ನೆನಪಿನ ಶಕ್ತಿ ಇದೆ, ಸಭಾಕಂಪವಿಲ್ಲ ಎಂಬುದು ತಿಳಿಯುತ್ತದೆ. ದೃಶ್ಯವೊಂದರಲ್ಲಿ ಅವರು ಇನ್ನೊಬ್ಬರ ಜೊತೆ ಹೇಗೆ ಬದುಕುತ್ತಾರೆ ಎಂಬುದು ಒಂದು ಚೂರೂ ತಿಳಿಯುವುದಿಲ್ಲ.

ನಾನು ಈಗ ಮಾಡುವ ಕ್ರಮ ಬೇರೆ. ಮಾತಿಲ್ಲದ ಭಾಗವನ್ನೇ ಆಡಿಷನ್‌ಗೆ ಕೊಡುತ್ತೇನೆ. ಬಂದವರ ಕೈಗೆ ನಿಜವಾದ ಕೆಲಸವೊಂದನ್ನು ಕೊಟ್ಟು ಕೂರಿಸುತ್ತೇನೆ. ಅವರೆಕಾಯಿ ಬಿಡಿಸುವುದು, ಬಟ್ಟೆ ಮಡಿಸುವುದು, ಚಿಲ್ಲರೆ ಎಣಿಸುವುದು, ಏನಾದರೂ ಆಗಬಹುದು. ಎದುರಿಗೆ ನಮ್ಮ ತಂಡದ ಒಬ್ಬರು ಕುಳಿತು ದೃಶ್ಯದ ಮಾತನ್ನು ಹೇಳುತ್ತಾರೆ. ಕ್ಯಾಮೆರಾ ಪೂರ್ತಿ ಎರಡು ನಿಮಿಷ ಕೇಳುವವರ ಮೇಲೆಯೇ ಇರುತ್ತದೆ. ಮೊದಲ ಸಲ ಮಾತು ಇದ್ದಂತೆಯೇ ಹೋಗುತ್ತದೆ. ಎರಡನೆಯ ಸಲ, ಅವರಿಗೆ ತಿಳಿಸದೆ, ಹೇಳುವವರು ಮಾತಿನಲ್ಲಿ ಒಂದು ಸಂಗತಿಯನ್ನು ಬದಲಿಸುತ್ತಾರೆ. ‘ಅಪ್ಪ ಆಸ್ಪತ್ರೆಯಲ್ಲಿದ್ದಾರೆ’ ಎಂಬುದು ‘ಅಪ್ಪ ಮನೆ ಬಿಟ್ಟು ಹೋಗಿದ್ದಾರೆ’ ಎಂದಾಗುತ್ತದೆ. ಕೇಳುತ್ತಿರುವ ನಟರಲ್ಲಿ ಏನೋ ಒಂದು ತಡವರಿಸುತ್ತದೆ. ಕೇಳದವರಲ್ಲಿ ಮೊದಲಿನ ಮುಖವೇ ಮತ್ತೆ ಬರುತ್ತದೆ.

ಒಮ್ಮೆ ಅತ್ತೆಯ ಪಾತ್ರಕ್ಕೆಂದು ಐವತ್ತು ದಾಟಿದ ಮಹಿಳೆಯೊಬ್ಬರು ಬಂದಿದ್ದರು. ಹವ್ಯಾಸಿ ನಾಟಕಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡಿದವರು, ಕ್ಯಾಮೆರಾದ ಮುಂದೆ ಎಂದೂ ನಿಂತವರಲ್ಲ. ಅವರ ಮುಂದೆ ಮೊರದಲ್ಲಿ ಅಕ್ಕಿ ಇಟ್ಟು ಕಲ್ಲು ಆರಿಸಲು ಹೇಳಿದೆವು. ಸೊಸೆಯ ಮಾತನ್ನು ಓದುತ್ತಿದ್ದ ಹುಡುಗಿ ‘ನಾನು ನಾಳೆ ತವರಿಗೆ ಹೋಗ್ತೀನಿ, ಮತ್ತೆ ಬರಲ್ಲ’ ಎಂದಳು. ಅವರು ತಲೆ ಎತ್ತಲಿಲ್ಲ. ಬೆರಳು ಅಕ್ಕಿಯ ಮೇಲೆ ಇನ್ನೂ ಎರಡು ಸಲ ಆಡಿತು, ಒಂದು ಕಲ್ಲು ಸಿಕ್ಕಿತು, ಅದನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದವರು ಎಸೆಯುವುದನ್ನೇ ಮರೆತರು. ನಾಲ್ಕೈದು ಕ್ಷಣಗಳ ನಂತರ ಆ ಕಲ್ಲನ್ನು ಮತ್ತೆ ಅಕ್ಕಿಯ ಒಳಗೇ ಬಿಟ್ಟು ಮೊರವನ್ನು ಪಕ್ಕಕ್ಕೆ ಸರಿಸಿದರು. ಯಾರೂ ಅವರಿಗೆ ಹಾಗೆ ಮಾಡಲು ಹೇಳಿರಲಿಲ್ಲ. ಕೋಣೆಯಲ್ಲಿದ್ದ ನಾಲ್ಕು ಜನರೂ ಒಂದೇ ಕ್ಷಣದಲ್ಲಿ ನಮ್ಮ ಅತ್ತೆ ಸಿಕ್ಕರು ಎಂದು ತೀರ್ಮಾನಿಸಿದೆವು. ಚಿತ್ರದಲ್ಲಿ ನೋಡುಗರು ಇಂದಿಗೂ ನೆನೆಯುವುದು ಅವರನ್ನೇ.

ಒಳ್ಳೆಯದಾಗಿ ಮಾಡಿದವರಿಗೆ ಒಂದು ತಿದ್ದುಪಡಿಯನ್ನು ಕೊಟ್ಟು ಮತ್ತೊಮ್ಮೆ ಮಾಡಿಸಿ. ಮೊದಲ ಸಲ ಚೆನ್ನಾಗಿ ಮಾಡಿದರೂ ಏನನ್ನೂ ಬದಲಿಸಲಾರದ ನಟರು ಚಿತ್ರೀಕರಣದಲ್ಲಿ ನಿಮ್ಮನ್ನು ಕಟ್ಟಿಹಾಕುತ್ತಾರೆ. ಮೊದಲು ಸಾಧಾರಣವಾಗಿ ಮಾಡಿ, ಹೇಳಿದ್ದನ್ನು ಹಿಡಿದುಕೊಂಡು ಬದಲಾಗುವವರು ಹೆಚ್ಚು ದೂರ ಬರುತ್ತಾರೆ. ಮುಖ್ಯ ಪಾತ್ರಗಳಿಗೆ ಆಯ್ಕೆಯ ಕೊನೆಯ ಸುತ್ತನ್ನು ಜೋಡಿಯಾಗಿಯೇ ನಡೆಸಿ. ಗಂಡ–ಹೆಂಡತಿ, ಅಣ್ಣ–ತಂಗಿ, ಸ್ನೇಹಿತರು ಯಾರೇ ಆಗಿರಲಿ, ಒಬ್ಬೊಬ್ಬರೇ ಚೆನ್ನಾಗಿದ್ದು ಒಟ್ಟಿಗೆ ಕೂತಾಗ ಅಪರಿಚಿತರಂತೆ ಕಾಣುವುದುಂಟು. ಅವರಿಬ್ಬರಿಗೂ ಮಾತು ಕೊಡದೆ, ಒಂದು ಲೋಟ ಕಾಫಿಯನ್ನು ಹಂಚಿಕೊಂಡು ಕುಡಿಯಲು ಹೇಳಿ ನೋಡಿದರೂ ಸಾಕಷ್ಟು ತಿಳಿಯುತ್ತದೆ.

ಆಡಿಷನ್ ಎಂಬುದು ನಮ್ಮಲ್ಲಿ ಹೊಸಬರನ್ನು ಸುಲಿಯುವ ದಂಧೆಯೂ ಆಗಿರುವುದರಿಂದ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಆಯ್ಕೆಗೆಂದು ಬಂದವರಿಂದ ನೋಂದಣಿ, ಪೋರ್ಟ್‌ಫೋಲಿಯೊ ಎಂದು ಒಂದು ರೂಪಾಯಿಯನ್ನೂ ಪಡೆಯಬಾರದು. ಹಗಲು ಹೊತ್ತಿನಲ್ಲಿ, ಬಾಗಿಲು ತೆರೆದಿರುವ ಜಾಗದಲ್ಲಿ, ತಂಡದ ಮಹಿಳೆಯೊಬ್ಬರು ಇರುವಾಗಲೇ ಆಡಿಷನ್ ನಡೆಯಬೇಕು. ಆಯ್ಕೆಯಾಗದವರಿಗೆ ಆಗಿಲ್ಲ ಎಂದು ತಿಳಿಸಬೇಕು. ಹೆದರಿಕೊಂಡು ಬಂದ ಮನುಷ್ಯ ಯಾರ ಮಾತನ್ನೂ ಕೇಳಿಸಿಕೊಳ್ಳಲಾರ. ಆದ್ದರಿಂದ ಇದು ಸಭ್ಯತೆಯ ಪ್ರಶ್ನೆ ಮಾತ್ರವಲ್ಲ, ಕೆಲಸದ ಪ್ರಶ್ನೆಯೂ ಹೌದು.

ನಿರ್ಮಾಪಕರ ಕಡೆಯಿಂದ ಬರುವ ಶಿಫಾರಸುಗಳು ಎಲ್ಲರಿಗೂ ಬರುತ್ತವೆ. ಹಣ ಹಾಕಿದವರ ಅಳಿಯ, ಲಕ್ಷಗಟ್ಟಲೆ ಹಿಂಬಾಲಕರಿರುವ ರೀಲ್ಸ್ ತಾರೆ, ಯಾರೋ ಕೊಟ್ಟ ಮಾತು. ವಾದ ಮಾಡುವ ಬದಲು ಮೇಲೆ ಹೇಳಿದ ಎರಡು ನಿಮಿಷಗಳ ತುಣುಕನ್ನು, ಬೇರೆ ಇಬ್ಬರ ತುಣುಕುಗಳ ಜೊತೆಗೆ ಅವರಿಗೇ ತೋರಿಸಿ. ಹಣ ಹಾಕುವವರಿಗೂ ಕಣ್ಣಿರುತ್ತದೆ. ಆದರೂ ಒಪ್ಪಲೇಬೇಕಾಗಿ ಬಂದರೆ, ಕೇಳುವುದಕ್ಕಿಂತ ಮಾಡುವುದೇ ಹೆಚ್ಚಿರುವ ಪಾತ್ರವನ್ನು ಅವರಿಗೆ ಕೊಡಿ. ಸುದ್ದಿ ತಂದು ಹೇಳಿ ಹೋಗುವವನ ಪಾತ್ರ ಅಂಥದು, ಸುದ್ದಿ ಕೇಳಿ ಕೂರುವವನದಲ್ಲ.

ಹೊಸಬರು, ಮಕ್ಕಳು, ಊರಿನವರು

ಹೊಸಬರನ್ನು ನಾಯಕರನ್ನಾಗಿ ಮಾಡಬಾರದು ಎಂದು ನಾನು ಹೇಳುತ್ತಿಲ್ಲ. ಪುಟ್ಟಣ್ಣ ಕಣಗಾಲರು 1972ರಲ್ಲಿ ‘ನಾಗರಹಾವು’ ಮಾಡಿದಾಗ ವಿಷ್ಣುವರ್ಧನ್ ಅವರಿಗೆ ಅದು ನಾಯಕನಾಗಿ ಮೊದಲ ಚಿತ್ರ. ಆದರೆ ಆ ಹೊಸ ಹುಡುಗನ ಎದುರಿಗೆ ಯಾರನ್ನು ನಿಲ್ಲಿಸಿದರು ಎಂಬುದನ್ನು ಗಮನಿಸಬೇಕು. ಚಾಮಯ್ಯ ಮೇಷ್ಟ್ರಾಗಿ ಕೆ.ಎಸ್. ಅಶ್ವತ್ಥ್, ಅವರ ಹೆಂಡತಿಯಾಗಿ ಲೀಲಾವತಿ. ರಾಮಾಚಾರಿಯ ಸಿಟ್ಟು ನಮಗೆ ನಿಜವೆನಿಸುವುದಕ್ಕೆ, ಆ ಸಿಟ್ಟನ್ನು ಕೇಳುತ್ತ ನಿಂತ ಮೇಷ್ಟ್ರ ಮುಖದ ಮೇಲಿನ ನೋವೂ ಕಾರಣ. ಅದೇ ಚಿತ್ರದಲ್ಲಿ ಅಂಬರೀಶ್ ಅವರ ಜಲೀಲನ ಪಾತ್ರ ಎಷ್ಟು ಹೊತ್ತು ಬರುತ್ತದೆ? ಆದರೂ ಐವತ್ತು ವರ್ಷಗಳ ಮೇಲೂ ಅವನನ್ನು ಯಾರೂ ಮರೆತಿಲ್ಲ. ಹೊಸಬರನ್ನು ಹೊಸಬರೆದುರಿಗೇ ನಿಲ್ಲಿಸಿ, ಪೋಷಕ ಪಾತ್ರಗಳನ್ನು ‘ಯಾರಾದರೂ ಮಾಡಲಿ’ ಎಂದು ನಟರನ್ನು ಒದಗಿಸುವ ಕೋಆರ್ಡಿನೇಟರ್‌ಗೆ ಬಿಡುವುದೇ ನಾವು ಮಾಡುವ ದೊಡ್ಡ ತಪ್ಪು. ಒಂದೇ ಒಂದು ದೃಶ್ಯದಲ್ಲಿ ಬರುವ ಪೊಲೀಸನು ‘ಏನ್ರೀ ನಡೀತಿದೆ ಇಲ್ಲಿ’ ಎಂದು ಓದಿದಂತೆ ಹೇಳಿದರೆ, ಅವನ ಮುಂದೆ ಅಳುತ್ತಿರುವ ಒಳ್ಳೆಯ ನಟಿಯೂ ಸುಳ್ಳಾಗಿ ಕಾಣುತ್ತಾಳೆ.

ವೃತ್ತಿನಟರಲ್ಲದವರನ್ನು ಬಳಸುವ ಆಸೆ ‘ತಿಥಿ’ ಬಂದ ಮೇಲೆ ಬಹಳ ಜನರಿಗೆ ಹುಟ್ಟಿತು. ರಾಮ್ ರೆಡ್ಡಿಯವರ ಈ ಚಿತ್ರ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಎಂಬ ಹಳ್ಳಿಯವರೇ ಅದರಲ್ಲಿ ನಟಿಸಿದರು. ಅದನ್ನು ನೋಡಿದ ಹಲವರು ‘ಹಳ್ಳಿಯವರನ್ನು ಹಿಡಿದು ತಂದರೆ ಸಹಜ ನಟನೆ ತಾನೇ ಬರುತ್ತದೆ’ ಎಂದುಕೊಂಡರು. ಆ ಊರನ್ನು ಬಲ್ಲ ಈರೇಗೌಡರು ಚಿತ್ರಕಥೆಯಲ್ಲಿ ಜೊತೆಯಾಗಿದ್ದರು, ಮತ್ತು ಪಾತ್ರಗಳು ಆ ಜನರ ನಡೆ, ನುಡಿ, ಬದುಕಿನ ಲಯವನ್ನು ಹಿಡಿದುಕೊಂಡು ಬೆಳೆದವು ಎಂಬುದನ್ನು ಮರೆತರು. ಚಿತ್ರದ ಮುದುಕ ಗಡ್ಡಪ್ಪ ನಡೆಯುತ್ತಾ ಹೋಗುವುದನ್ನು ಕ್ಯಾಮೆರಾ ಹಿಂಬಾಲಿಸಿತೇ ಹೊರತು, ಕ್ಯಾಮೆರಾಕ್ಕೆ ಬೇಕಾದಂತೆ ಗಡ್ಡಪ್ಪನನ್ನು ನಡೆಸಲಿಲ್ಲ. ಅದೇ ಮುಖಗಳನ್ನು ನಂತರ ಬೇರೆ ಕಡೆ ನಗಿಸಲೆಂದು ಕರೆತಂದಾಗ ಮುಖ ಬಂದಿತು, ಊರು ಬರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಊರಿನವರನ್ನು ಆರಿಸುವವರು ಕನಿಷ್ಠ ಎರಡು ವಾರವಾದರೂ ಅವರ ಜೊತೆಗೆ ಇರಬೇಕು. ಕ್ಯಾಮೆರಾವನ್ನು ಮೊದಲ ದಿನದಿಂದಲೇ ಹೊರಗೆ ಇಟ್ಟು, ಅದು ಅವರ ಕಣ್ಣಿಗೆ ಹಳೆಯದಾಗುವಂತೆ ಮಾಡಬೇಕು. ಅವರಿಗೆ ಸಾಲುಗಳನ್ನು ಕೊಡಬಾರದು, ಸಂದರ್ಭವನ್ನು ಕೊಡಬೇಕು. ಅವರ ಕೆಲಸದ ದಿನ ತಪ್ಪುತ್ತದೆ ಎಂಬುದನ್ನು ನೆನಪಿಟ್ಟು ಪ್ರತಿದಿನ ಸಂಜೆಯೇ ಹಣ ಕೊಟ್ಟುಬಿಡಬೇಕು.

ಮಕ್ಕಳ ವಿಷಯದಲ್ಲಿ ನನ್ನ ಸಲಹೆ ಚಿಕ್ಕದು. ನೃತ್ಯ, ಮಿಮಿಕ್ರಿ ಸ್ಪರ್ಧೆಗಳಲ್ಲಿ ಗೆದ್ದ ಮಗುವನ್ನು ಮೊದಲು ನೋಡಬೇಡಿ. ಶಾಲೆಯ ಹಿಂದಿನ ಬೆಂಚಿನಲ್ಲಿ ಕುಳಿತು ಕಿಟಕಿಯಾಚೆ ಏನನ್ನೋ ನೋಡುತ್ತಿರುವ ಮಗುವನ್ನು ನೋಡಿ. ಶಂಕರ್ ನಾಗ್ ಅವರು ಆಗುಂಬೆಯಲ್ಲಿ ಚಿತ್ರೀಕರಿಸಿ 1986ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಲ್ಗುಡಿ ಡೇಸ್’ನಲ್ಲಿ ಮಾಸ್ಟರ್ ಮಂಜುನಾಥ್ ಅವರ ಸ್ವಾಮಿ, ತಂದೆಯಾಗಿದ್ದ ಗಿರೀಶ್ ಕಾರ್ನಾಡರೆದುರು ನಿಂತಾಗ, ಬೈಗುಳ ಎಲ್ಲಿ ಮುಗಿಯುತ್ತದೆ ಎಂದು ಲೆಕ್ಕ ಹಾಕುತ್ತಿರುವ ಹುಡುಗನಂತೆಯೇ ಕಾಣುತ್ತಾನೆ. ಮಕ್ಕಳಿಗೆ ನೀವೇ ನಟಿಸಿ ತೋರಿಸಬೇಡಿ. ತೋರಿಸಿದರೆ ಮಗು ನಿಮ್ಮನ್ನು ಅನುಕರಿಸುತ್ತದೆ, ಆ ಮೇಲೆ ಅದನ್ನು ಬಿಡಿಸುವುದು ಕಷ್ಟ.

ರಂಗಭೂಮಿಯಿಂದ ಬಂದವರು

ಹೆಗ್ಗೋಡಿನ ನೀನಾಸಂ, ಮೈಸೂರಿನ ರಂಗಾಯಣ ಮತ್ತು ಊರೂರಿನ ಹವ್ಯಾಸಿ ತಂಡಗಳು ಕನ್ನಡದ ತೆರೆಗೆ ದೊಡ್ಡ ಆಸ್ತಿ. ನೀನಾಸಂನಿಂದ ಬಂದ ಅಚ್ಯುತ್ ಕುಮಾರ್, ರಂಗಾಯಣದಿಂದ ಬಂದ ರಂಗಾಯಣ ರಘು ಇವರನ್ನು ತೆಗೆದುಬಿಟ್ಟರೆ ಕಳೆದ ಎರಡು ದಶಕಗಳ ಎಷ್ಟು ಚಿತ್ರಗಳು ಸೊರಗುತ್ತವೆ ಎಂದು ಯೋಚಿಸಿ. ರಂಗದ ನಟರು ಒಟ್ಟಾಗಿ ತಾಲೀಮು ಮಾಡಿ ಬೆಳೆದವರಾದ್ದರಿಂದ ಕೇಳಿಸಿಕೊಳ್ಳುವ ಅಭ್ಯಾಸ ಅವರಲ್ಲಿರುತ್ತದೆ. ಅವರಿಗೆ ತೊಡಕಾಗುವುದು ಅಳತೆ. ಕೊನೆಯ ಸಾಲಿನ ಪ್ರೇಕ್ಷಕನಿಗೆ ಮುಟ್ಟಬೇಕಾದ ಧ್ವನಿ, ಹಾವಭಾವ ಮೂರು ಅಡಿ ದೂರದ ಲೆನ್ಸಿಗೆ ವಿಪರೀತವಾಗುತ್ತದೆ. ‘ಕಡಿಮೆ ಮಾಡಿ’ ಎಂದು ಹೇಳಿದರೆ ಅವರು ಭಾವವನ್ನೇ ಕಡಿಮೆ ಮಾಡಿಬಿಡುತ್ತಾರೆ. ಅದರ ಬದಲು, ಪಕ್ಕದ ಕೋಣೆಯಲ್ಲಿ ಮಗು ಮಲಗಿದೆ, ಅದು ಏಳದಂತೆ ಈ ಜಗಳ ನಡೆಯಬೇಕು ಎಂದು ಹೇಳಿ ನೋಡಿ. ಭಾವ ಅಷ್ಟೇ ಇರುತ್ತದೆ, ಗಾತ್ರ ಮಾತ್ರ ಇಳಿಯುತ್ತದೆ.

ಚಿತ್ರೀಕರಣದ ದಿನ

ಆಯ್ಕೆ ಸರಿಯಾಗಿದ್ದರೂ ಸೆಟ್ಟಿನ ಅಭ್ಯಾಸಗಳು ನಟನನ್ನು ಕೆಡಿಸಬಲ್ಲವು. ಧಾರಾವಾಹಿಗಳಲ್ಲಿ ವಾರಕ್ಕೆ ಐದಾರು ಕಂತು ಹೋಗಬೇಕಾದಾಗ ಸಂಭಾಷಣೆ ಅಂದೇ ಬೆಳಿಗ್ಗೆ ಕೈಸೇರುತ್ತದೆ, ಕ್ಯಾಮೆರಾದ ಪಕ್ಕದಲ್ಲಿ ಸಹಾಯಕ ನಿರ್ದೇಶಕರು ನಿಂತು ಪ್ರಾಂಪ್ಟ್ ಮಾಡುತ್ತಾರೆ. ಆಗ ನಟ ಕೇಳುವುದು ಎದುರಿಗಿರುವ ಹೆಂಡತಿಯ ಮಾತನ್ನಲ್ಲ, ಪಕ್ಕದಿಂದ ಬರುವ ಪ್ರಾಂಪ್ಟರನ ಧ್ವನಿಯನ್ನು. ಮಾತು ಮುಗಿದ ಮೇಲೆ ಬರುವ ಆ ಖಾಲಿ ನೋಟ, ಒಂದೊಂದು ಸಾಲಿಗೂ ನಡುವೆ ಬೀಳುವ ಸಮಾನ ಅಂತರ, ಆಮೇಲೆ ಅದನ್ನು ತುಂಬಲು ಮೂರು ಮೂರು ಸಲ ಮುಖಗಳ ಮೇಲೆ ಝೂಮ್ ಮಾಡಿ ಹಾಕುವ ಅಬ್ಬರದ ಸಂಗೀತ, ಎಲ್ಲದರ ಮೂಲ ಇಲ್ಲಿದೆ. ಈ ವ್ಯವಸ್ಥೆಯಲ್ಲಿ ದುಡಿಯುವ ನಟರ ಮೇಲೆ ನನಗೆ ಗೌರವವಿದೆ. ದಿನಕ್ಕೆ ಹನ್ನೆರಡು ಗಂಟೆ ಹೀಗೆ ಕೆಲಸ ಮಾಡಿಯೂ ಕೆಲವರು ಜೀವ ಉಳಿಸಿಕೊಂಡಿರುವುದು ಸಣ್ಣ ಮಾತಲ್ಲ. ನಿಮ್ಮ ಕೈಯಲ್ಲಿ ಆಗುವುದಾದರೆ ದೃಶ್ಯದ ಪುಟವನ್ನು ಹಿಂದಿನ ರಾತ್ರಿಯೇ ವಾಟ್ಸ್ಯಾಪ್‌ನಲ್ಲಿ ಕಳುಹಿಸಿ. ಲೈಟಿಂಗ್ ಆಗುವಷ್ಟು ಹೊತ್ತು ಇಬ್ಬರೂ ನಟರನ್ನು ಮೆಟ್ಟಿಲ ಮೇಲೆ ಕೂರಿಸಿ ಎರಡು ಸಲ ಓದಿಸಿ. ಪ್ರಾಂಪ್ಟರ್ ಇರಲಿ, ಆದರೆ ಮಾತು ಮರೆತಾಗ ಮಾತ್ರ ಬಾಯಿ ಬಿಡಲಿ.

ಕ್ಲೋಸಪ್ ತೆಗೆಯುವಾಗ ಎದುರಿನ ನಟರು ಕುರ್ಚಿಗೆ ಹೋಗಿ ಕೂರುವುದು, ಇವರಿಗೆ ‘ಲುಕ್’ ಕೊಡಲು, ಅಂದರೆ ಎತ್ತ ನೋಡಬೇಕೆಂದು ತೋರಿಸಲು, ಸಹಾಯಕನೊಬ್ಬ ಮುಷ್ಟಿ ಎತ್ತಿ ಹಿಡಿಯುವುದು ಬಹಳ ಕಡೆ ಇದೆ. ಇದನ್ನು ಒಪ್ಪಬೇಡಿ. ಎದುರಿನವರು ಕ್ಯಾಮೆರಾದ ಪಕ್ಕದಲ್ಲಿ ನಿಂತು, ತಾವು ಚೌಕಟ್ಟಿನಲ್ಲಿ ಇಲ್ಲದಿದ್ದರೂ ಪೂರ್ತಿ ಅಭಿನಯಿಸಿ ಮಾತು ಹೇಳಬೇಕು. ದೊಡ್ಡ ನಟರು ಇದನ್ನು ತಾವಾಗಿಯೇ ಮಾಡುತ್ತಾರೆ. ಉಳಿದವರಿಗೆ ಇದನ್ನು ಮೊದಲ ದಿನವೇ ನಿಯಮವೆಂದು ಹೇಳಿಬಿಡಿ. ಅಳುವ, ಮುರಿಯುವ ದೃಶ್ಯಗಳನ್ನು ಬೆಳಕು ಹೋಗುತ್ತಿದೆ ಎಂದು ಅವಸರ ಮಾಡುವ ಸಂಜೆಯ ಕೊನೆಯ ಗಂಟೆಗೆ ಇಟ್ಟುಕೊಳ್ಳಬೇಡಿ. ಅಂಥ ದೃಶ್ಯಕ್ಕೆ ಮಾನಿಟರ್ ನೋಡುವಾಗ, ಅಂದರೆ ಕ್ಯಾಮೆರಾ ಓಡದ ತಾಲೀಮಿನಲ್ಲಿ, ಚಲನೆಯನ್ನು ಮಾತ್ರ ನೋಡಿ, ಭಾವವನ್ನು ಖರ್ಚು ಮಾಡಿಸಬೇಡಿ. ಗ್ಲಿಸರಿನ್ ಹಾಕಿ ಕಣ್ಣೀರು ತರಿಸಬಹುದು, ಆದರೆ ಅಳುವನ್ನು ತಡೆಯಲು ಯತ್ನಿಸುತ್ತಿರುವ ಮುಖವನ್ನು ಅದರಿಂದ ತರಿಸಲಾಗದು.

ನಟರಿಗೆ ಹೇಳುವ ಮಾತೂ ಮುಖ್ಯ. ‘ಎಕ್ಸ್‌ಪ್ರೆಶನ್ ಜಾಸ್ತಿ ಮಾಡಿ’, ‘ಇನ್ನೂ ಫೀಲ್ ಬೇಕು’ ಎಂದರೆ ನಟ ಮುಖದ ಸ್ನಾಯುಗಳನ್ನು ಎಳೆಯುತ್ತಾನೆ, ಅಷ್ಟೇ. ಮಾಡಬೇಕಾದ ಕೆಲಸವನ್ನು ಹೇಳಿ. ‘ಅವಳು ಸುಳ್ಳು ಹೇಳುತ್ತಿದ್ದಾಳೆಯೇ ಎಂದು ಅವಳ ಕಣ್ಣಿನಲ್ಲಿ ಹುಡುಕಿ’, ‘ಆ ಕಾಗದ ಅವರ ಕಣ್ಣಿಗೆ ಬೀಳದಂತೆ ಮಾಡಿ’, ‘ಅವನನ್ನು ಇನ್ನೊಂದು ನಿಮಿಷ ಇಲ್ಲೇ ಉಳಿಸಿಕೊಳ್ಳಿ’. ಮಾಡಲು ಕೆಲಸವಿರುವ ನಟನಿಗೆ ತನ್ನ ಮುಖದ ಚಿಂತೆ ಇರುವುದಿಲ್ಲ. ತಿದ್ದುವ ಮಾತನ್ನು ಎಲ್ಲರೆದುರು ಮೈಕಿನಲ್ಲಿ ಹೇಳದೆ, ಹತ್ತಿರ ಹೋಗಿ ಹೇಳಿ.

ಡಬ್ಬಿಂಗ್ ಮತ್ತು ಸಂಕಲನ

ಸಾಧ್ಯವಾದರೆ ಸ್ಥಳದಲ್ಲೇ ಧ್ವನಿ ಹಿಡಿಯಿರಿ. ಡಬ್ಬಿಂಗ್ ಮಾಡಲೇಬೇಕಾದರೆ ಪಾತ್ರ ಮಾಡಿದವರಿಂದಲೇ ಮಾಡಿಸಿ, ಚಿತ್ರೀಕರಣದ ವೇಳೆ ಗುರುತಿಗೆಂದು ಹಿಡಿದಿಟ್ಟ ಧ್ವನಿಯನ್ನು, ಅಂದರೆ ಪೈಲಟ್ ಟ್ರ್ಯಾಕನ್ನು, ಜೋಪಾನವಾಗಿಟ್ಟು ಅವರಿಗೆ ಕೇಳಿಸಿ, ತುಟಿಗೆ ಮಾತನ್ನು ಕೂರಿಸುವ ಆತುರದಲ್ಲಿ ಉಸಿರು, ಗಂಟಲು ಸರಿಮಾಡಿಕೊಳ್ಳುವ ಸದ್ದು, ಅರ್ಧಕ್ಕೆ ನುಂಗಿದ ಪದ ಕಳೆದುಹೋಗದಂತೆ ನೋಡಿಕೊಳ್ಳಿ. ದೃಶ್ಯದಲ್ಲಿ ಇಬ್ಬರಿದ್ದರೆ ಸ್ಟುಡಿಯೊದಲ್ಲೂ ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ. ಬೇರೆ ಬೇರೆ ದಿನ ಬಂದು ಹೇಳಿ ಹೋದ ಮಾತುಗಳು ಒಂದಕ್ಕೊಂದು ಉತ್ತರವಾಗುವುದು ಅಪರೂಪ. ಕನ್ನಡ ಬಾರದ ನಟಿಯನ್ನು ಅಂದಕ್ಕಾಗಿ ಕರೆತಂದು ಬೇರೆಯವರ ಕಂಠ ಜೋಡಿಸುವ ಪದ್ಧತಿಯನ್ನು ನಾನು ಒಪ್ಪಲಾರೆ. ಧ್ವನಿದಾನ ಮಾಡುವವರು ಎಷ್ಟೇ ಪ್ರತಿಭಾವಂತರಾಗಿದ್ದರೂ, ಅರ್ಥ ತಿಳಿಯದೆ ಕೇಳುತ್ತಿದ್ದ ಕಣ್ಣುಗಳಿಗೆ ಅವರು ಅರ್ಥ ತುಂಬಲಾರರು.

ಸಂಕಲನದಲ್ಲಿ ದುರ್ಬಲ ನಟನೆಯನ್ನು ಸ್ವಲ್ಪ ಮಟ್ಟಿಗೆ ಉಳಿಸಬಹುದು. ಮಾತಾಡುವವರು ತೇಲಿಸುತ್ತಿದ್ದರೆ ಚಿತ್ರವನ್ನು ಕೇಳುವವರ ಮೇಲೆ ಇಟ್ಟು ಧ್ವನಿಯನ್ನು ಮಾತ್ರ ಹರಿಸಿ. ದೃಶ್ಯದ ಕೊನೆಯ ಸಾಲನ್ನು ತೆಗೆದು ನೋಡಿ; ಬಹಳ ಸಲ ಅದು ಆಗಲೇ ಮುಖದಲ್ಲಿ ಬಂದದ್ದನ್ನು ಮತ್ತೆ ಬಾಯಲ್ಲಿ ಹೇಳುತ್ತಿರುತ್ತದೆ. ಕ್ಲ್ಯಾಪ್ ಆದ ಮೇಲೆ ‘ಆಕ್ಷನ್’ ಎನ್ನುವ ಮೊದಲಿನ ತುಣುಕುಗಳನ್ನೂ, ‘ಕಟ್’ ಎಂದ ಮೇಲೆ ಉಳಿದ ಎರಡು ಕ್ಷಣಗಳನ್ನೂ ಹುಡುಕಿ. ನನ್ನ ಅಡಕತ್ತರಿಯ ದೃಶ್ಯವನ್ನು ಕೊನೆಗೆ ಹಾಗೆಯೇ ಉಳಿಸಿಕೊಂಡೆ. ‘ಕಟ್’ ಎಂದ ಮೇಲೆ ಆ ತಂದೆಯ ಪಾತ್ರಧಾರಿ ದಣಿದು, ಕೈಯಲ್ಲಿದ್ದ ಅಡಕೆಯ ಹೋಳನ್ನು ನೋಡುತ್ತ ಸುಮ್ಮನೆ ಕುಳಿತಿದ್ದ ಮೂರು ಕ್ಷಣಗಳು ಒಂದು ಟೇಕಿನಲ್ಲಿ ಸಿಕ್ಕವು. ಅವನ್ನು ಮಗಳ ಮಾತಿನ ಕೆಳಗೆ ಇಟ್ಟೆವು.

ಮೊದಲ ಸಂಕಲನ ಮುಗಿದ ಮೇಲೆ ಹಿನ್ನೆಲೆ ಸಂಗೀತ ಹಾಕುವ ಮೊದಲೇ ಚಿತ್ರವನ್ನು ಎರಡು ಸಲ ಪರೀಕ್ಷಿಸಿ. ಒಮ್ಮೆ ಧ್ವನಿಯನ್ನು ಪೂರ್ತಿ ಮುಚ್ಚಿ, ಕಥೆ ಗೊತ್ತಿಲ್ಲದ ಇಬ್ಬರಿಗೆ ತೋರಿಸಿ, ಯಾರು ಯಾರಿಗೆ ಏನಾಗಬೇಕು, ಎಲ್ಲಿ ಯಾರಿಗೆ ನೋವಾಯಿತು ಎಂದು ಕೇಳಿ. ಇನ್ನೊಮ್ಮೆ ಪರದೆಯನ್ನು ಆರಿಸಿ ಧ್ವನಿಯನ್ನು ಮಾತ್ರ, ಕಥೆ ನಡೆಯುವ ಸೀಮೆಯವರೊಬ್ಬರಿಗೆ ಕೇಳಿಸಿ, ಮಾತು ಎಲ್ಲಿ ಪರವೂರಿನದಾಯಿತು ಎಂದು ಗುರುತು ಹಾಕಿಸಿಕೊಳ್ಳಿ. ಅವರು ಗುರುತಿಸಿದ ನಿಮಿಷಗಳನ್ನು ಬರೆದಿಟ್ಟುಕೊಂಡು, ಮೊದಲು ಪಾತ್ರಗಳಿಗೆಂದು ಬಿಟ್ಟಿದ್ದ ಅದೇ ನೋಟ್‌ಬುಕ್ಕಿನ ಪುಟಗಳ ಪಕ್ಕದಲ್ಲಿಟ್ಟು ನೋಡಿದರೆ, ಯಾವ ಮಾತನ್ನು ಮತ್ತೆ ಡಬ್ ಮಾಡಿಸಬೇಕು, ಯಾವ ದೃಶ್ಯವನ್ನು ಮೊಟಕುಗೊಳಿಸಬೇಕು, ಯಾವುದಕ್ಕೆ ಇನ್ನೊಂದು ದಿನದ ಕಾಲ್‌ಶೀಟ್ ಕೇಳಿ ಮರುಚಿತ್ರೀಕರಣ ಮಾಡಲೇಬೇಕು ಎಂಬುದು ತಿಳಿಯುತ್ತದೆ.